ಯೊರೂಬಾ ದೊರೆಗಳು

ಪಶ್ಚಿಮ ಆಫ್ರಿಕದಲ್ಲಿ, ಇಂದಿನ ನೈಜೀರಿಯ ದೇಶದ ನೈಋತ್ಯ ಭಾಗದಲ್ಲಿ ಯೊರೂಬಾ ಎಂಬ ಜನರಿದ್ದಾರೆ. ಒಂದೇ ನುಡಿಯನ್ನಾಡುವ ಈ ಜನ ಎಂದೂ ಒಂದೇ ರಾಜ್ಯವಾಗಿ ಬಾಳಿದವರಲ್ಲ. ಹತ್ತಾರು ಪಟ್ಟಣಗಳು, ಪಟ್ಟಣಕ್ಕೊಬ್ಬ ದೊರೆ, ದೊರೆಗೊಂದು ಬಿರುದು. ಹೀಗೆ ಅವರ ರಾಜ್ಯವ್ಯವಸ್ಥೆ ಬೆಳೆದು ಬಂದಿತು. ದೊರೆಗೆ ಅವರ ಭಾಷೆಯಲ್ಲಿ ‘ಓಬಾ’ ಎಂದು ಹೆಸರು. ಅವನನ್ನು ಕಂಡ ಪ್ರಜೆಗಳು ನೆಲಕ್ಕೆ ಅಡ್ಡಬಿದ್ದು ‘ಕಬಿಯೇಸಿ’ ಎನ್ನುವರು. ‘ಪ್ರಶ್ನಿಸುವವರಿಲ್ಲದವನು’ ಎಂದು ಆ ಮಾತಿಗೆ ಅರ್ಥ ಹೇಳುವುದುಂಟು. ಇದನ್ನು ಕೇಳಿದ ಪರದೇಶದವರು ಇಲ್ಲಿಯದು ಬರಿಯ ನಿರಂಕುಶ ಪ್ರಭುತ್ವವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಪ್ರಶ್ನಿಸುವವರಿಲ್ಲದ ಈ ದೊರೆಗೆ, ‘ನೀನಿನ್ನು ಬದುಕಿರತಕ್ಕದ್ದಲ್ಲ’ ಎಂದು ತಿಳಿಸುವ ಅಧಿಕಾರ ಅವನ ಮಂತ್ರಿಗಳಿಗೇ ಇತ್ತು. ಈ ಎರಡೂ ಒಂದೇ ರಾಜ್ಯದಲ್ಲಿ ಹೇಗೆ ನಿಂತವು, ಒಂದನ್ನುಳಿಸಿ ಇನ್ನೊಂದನ್ನು ಕಿತ್ತಾಗ ಏನಾಯಿತು ಎಂಬುದೇ ಈ ಹೊತ್ತಿನ ವಿಷಯ.

ಯೊರೂಬಾ ದೊರೆತನದ ಮೂಲಸ್ಥಾನ ಇಲೆ-ಇಫೆ ಎಂಬ ಪಟ್ಟಣ. ಆದಿಯಲ್ಲಿ ಎಲ್ಲೆಲ್ಲೂ ನೀರೇ ಇತ್ತೆಂದೂ, ಒಡುದುವಾ ಎಂಬವನು ಆಕಾಶದಿಂದ ಸರಪಳಿಯ ಮೂಲಕ ಇಳಿದು, ತಂದಿದ್ದ ಮಣ್ಣನ್ನು ನೀರಿನ ಮೇಲೆ ಸುರಿದು, ಅದರ ಮೇಲೊಂದು ಹುಂಜವನ್ನು ಬಿಟ್ಟನೆಂದೂ, ಹುಂಜವು ಕೆದಕಿ ಹರಡಿದ ಮಣ್ಣೇ ಭೂಮಿಯಾಯಿತೆಂದೂ ಅವರ ಪುರಾಣ ಹೇಳುತ್ತದೆ. ಆ ಒಡುದುವಾನ ಸಂತತಿಯವರಿಗೆ ಮಾತ್ರ ಮಣಿಯ ಕಿರೀಟವನ್ನು ಧರಿಸುವ ಹಕ್ಕು. ಕಿರೀಟವೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿನ್ನದ ಕಿರೀಟವಲ್ಲ. ಶಂಕುವಿನಾಕಾರದ ಎತ್ತರದ ಟೊಪ್ಪಿಗೆ, ಮೈಯೆಲ್ಲ ಬಣ್ಣದ ಮಣಿಗಳ ಕಸೂತಿ, ತುದಿಯಲ್ಲಿ ಹಕ್ಕಿಗಳು, ಅಂಚಿನಿಂದ ದೊರೆಯ ಮುಖ ಮುಚ್ಚುವಂತೆ ಇಳಿಬಿದ್ದ ಮಣಿಸರಗಳ ತೆರೆ. ಮುಖ ಕಾಣುವುದಿಲ್ಲವಾಗಿ ಕಾಣುವುದು ದೊರೆತನವೊಂದೇ. ಮನುಷ್ಯನು ಹಿಂದೆ ಸರಿಯುತ್ತಾನೆ. ಕಿರೀಟದ ಒಳಗನ್ನು ದೊರೆಯೂ ನೋಡಕೂಡದೆಂದು ಕಟ್ಟಳೆ. ಅದರಲ್ಲಿರುವ ಶಕ್ತಿ ಅವನದಲ್ಲ, ಅವನಿಗಿಂತ ಹಿಂದಿನದು.

1938ರಲ್ಲಿ ಇಫೆಯಲ್ಲಿ ಮನೆ ಕಟ್ಟಲು ನೆಲ ಅಗೆಯುತ್ತಿದ್ದಾಗ ಲೋಹದಲ್ಲಿ ಎರಕ ಹೊಯ್ದ ಹತ್ತಕ್ಕೂ ಹೆಚ್ಚು ತಲೆಗಳು ದೊರೆತವು. ತುಟಿಯ ಮಡಿಕೆ, ಕೆನ್ನೆಯ ತಿರುವು ಮೊದಲಾದುವೆಲ್ಲ ಜೀವಂತ ಮುಖದಲ್ಲಿದ್ದಂತೆಯೇ ಇವೆ. ಅವು ಸುಮಾರು 12ರಿಂದ 15ನೆಯ ಶತಮಾನದವರೆಗಿನ ಕಾಲದವೆಂದು ವಿದ್ವಾಂಸರ ಮತ. ಅದಕ್ಕೂ ಮುಂಚೆ, 1910ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಫ್ರೊಬೇನಿಯಸ್ ಎಂಬವನು ಅಂಥ ಶಿಲ್ಪಗಳನ್ನು ಕಂಡು, ಇವು ಆಫ್ರಿಕದವರ ಕೆಲಸವಾಗಿರಲಾರವೆಂದೂ, ಸಮುದ್ರದಲ್ಲಿ ಮುಳುಗಿತೆಂದು ಗ್ರೀಕರು ಹೇಳುವ ಅಟ್ಲಾಂಟಿಸಿನವರ ಉಳಿಕೆಯೆಂದೂ ಊಹೆ ಕಟ್ಟಿದ್ದನು. ಕಣ್ಣೆದುರಿನ ಕುಶಲಿಗನನ್ನು ಒಪ್ಪುವುದಕ್ಕಿಂತ ಮುಳುಗಿದ ದ್ವೀಪವನ್ನು ನಂಬುವುದು ಕೆಲವು ಪಂಡಿತರಿಗೆ ಸುಲಭವಾಗಿ ಕಂಡಿತು!

ಇಫೆ ಪೂಜ್ಯವಾದ ಊರು. ಆದರೆ ಬಲದಲ್ಲಿ ಮುಂದಾದದ್ದು ಓಯೊ. ಒಡುದುವಾನ ವಂಶದ ಒರನ್ಮಿಯಾನ್ ಅದನ್ನು ಸ್ಥಾಪಿಸಿದನೆಂದು ಐತಿಹ್ಯ. ಅಲ್ಲಿಯ ದೊರೆಗೆ ‘ಅಲಾಫಿನ್’, ಎಂದರೆ ಅರಮನೆಯೊಡೆಯ, ಎಂದು ಬಿರುದು. ಹಿಂದಿನ ಅಲಾಫಿನರಲ್ಲಿ ಒಬ್ಬನಾದ ಶಾಂಗೋ ಸಿಡಿಲಿನ ದೇವತೆಯಾಗಿ ಇಂದಿಗೂ ಪೂಜೆಗೊಳ್ಳುತ್ತಾನೆ. ಓಯೊ ಕಾಡಿನ ಸೀಮೆಗೆ ಉತ್ತರದಲ್ಲಿ ಹುಲ್ಲುಗಾವಲಿನ ಬಯಲಿನಲ್ಲಿದ್ದುದರಿಂದ ಕುದುರೆಯ ದಂಡನ್ನು ಕಟ್ಟಲು ಅನುಕೂಲವಾಯಿತು. 18ನೆಯ ಶತಮಾನದಲ್ಲಿ ಪಶ್ಚಿಮದ ದಹೋಮಿ ರಾಜ್ಯವು 1748ರಿಂದ ಸುಮಾರು ಎಪ್ಪತ್ತು ವರ್ಷ ಓಯೊವಿಗೆ ಕಪ್ಪ ತೆತ್ತಿತು. ಕರಾವಳಿಯಲ್ಲಿ ಯೂರೋಪಿಯನರಿಗೆ ಗುಲಾಮರನ್ನು ಮಾರಿದ ಹಣವೂ ಆ ವೈಭವದಲ್ಲಿ ಸೇರಿತ್ತೆಂಬುದನ್ನು ಮರೆಯಲಾಗದು.

ಈ ಅಲಾಫಿನನ ಸುತ್ತ ಹೆಣೆದಿದ್ದ ಕಟ್ಟುಪಾಡುಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. ದೊರೆಯನ್ನು ಆರಿಸತಕ್ಕವರು ‘ಓಯೊ ಮೆಸಿ’ ಎಂಬ ಏಳು ಮಂದಿ ಪ್ರಧಾನರು. ಅವರ ಮುಖಂಡನಿಗೆ ಬಶೊರುನ್ ಎಂದು ಹೆಸರು. ತಂದೆಯ ನಂತರ ಹಿರಿಯ ಮಗನೆಂಬ ನಿಯಮವಿರಲಿಲ್ಲ. ಅದರ ಬದಲು, ತಂದೆಯೊಡನೆ ರಾಜ್ಯಭಾರದಲ್ಲಿ ಭಾಗಿಯಾಗುತ್ತಿದ್ದ ಹಿರಿಯ ಮಗನು ತಂದೆ ಸತ್ತಾಗ ತಾನೂ ಸಾಯಬೇಕೆಂಬ ಪದ್ಧತಿ ನಡುವೆ ಬಂದು ಸೇರಿತು. ತಂದೆಯ ಸಾವಿಗಾಗಿ ಕಾಯುವ ಮಗನಿಗೆ ಇದಕ್ಕಿಂತ ಕ್ರೂರವಾದ ತಡೆ ಇನ್ನೇನಿದ್ದೀತು? ವರ್ಷಕ್ಕೊಮ್ಮೆ ಓರುನ್ ಎಂಬ ಉತ್ಸವದಲ್ಲಿ ಬಶೊರುನನು ಕೋಲಾಕಾಯಿಗಳನ್ನು ಹಾಕಿ, ದೊರೆಗೂ ದೇವಲೋಕಕ್ಕೂ ಸಾಮರಸ್ಯವಿದೆಯೇ ಎಂದು ಶಕುನ ನೋಡುತ್ತಿದ್ದನು. ದೊರೆಯ ಅನ್ಯಾಯ ಮಿತಿಮೀರಿತೆಂದು ಪ್ರಧಾನರು ನಿಶ್ಚಯಿಸಿದರೆ, ಅವನ ಮುಂದೆ ಬರಿದಾದ ಒಂದು ಸೋರೆಬುರುಡೆಯನ್ನೋ ಗಿಳಿಯ ಮೊಟ್ಟೆಗಳನ್ನೋ ಇಡಲಾಗುತ್ತಿತ್ತು. ದೇವತೆಗಳೂ ಪ್ರಜೆಗಳೂ ಭೂಮಿಯೂ ನಿನ್ನನ್ನು ಒಲ್ಲೆವೆಂದಿದ್ದಾರೆ ಎಂಬುದು ಅದರ ತಾತ್ಪರ್ಯ. ಆ ಬಳಿಕ ದೊರೆ ವಿಷ ಕುಡಿದು ಪ್ರಾಣ ಬಿಡಬೇಕು.

ಹಾಗಾದರೆ ಪ್ರಧಾನರನ್ನು ತಡೆಯುವವರಾರು? ಅದಕ್ಕೆ ‘ಒಗ್ಬೋನಿ’ ಎಂಬ ಇನ್ನೊಂದು ಸಂಘವಿತ್ತು. ಇದು ಊರಿನ ಹಿರಿಯರ ಗೂಢಸಂಘ. ಭೂಮಿಯ ಆರಾಧನೆ ಅವರದು. ಗಂಡು ಹೆಣ್ಣುಗಳ ಜೋಡಿ ಹಿತ್ತಾಳೆಯ ಪ್ರತಿಮೆ ಅವರ ಲಾಂಛನ. ನೆಲದ ಮೇಲೆ ಮನುಷ್ಯರ ರಕ್ತ ಬಿದ್ದರೆ ಅದು ಭೂಮಿಗೆ ಮಾಡಿದ ಅಪರಾಧವೆಂದು ವಿಚಾರಿಸುವ ಹಕ್ಕು ಅವರಿಗಿತ್ತು. ದೊರೆಗಾದರೋ ತನ್ನವರೆಂಬ ಖೋಜಾ ಅಧಿಕಾರಿಗಳೂ, ಅರ್ಧ ತಲೆ ಬೋಳಿಸಿದ ‘ಇಲಾರಿ’ ಎಂಬ ದೂತರೂ ಇದ್ದರು. ದಂಡಿನ ಮಹಾನಾಯಕನು ರಾಜಧಾನಿಯಲ್ಲಿ ವಾಸಿಸಕೂಡದು. ಬರಹದಲ್ಲಿ ಎಲ್ಲಿಯೂ ಇಲ್ಲದ ಈ ಸಂವಿಧಾನದಲ್ಲಿ ಯಾರೂ ಒಂಟಿಯಾಗಿ ಪ್ರಬಲರಲ್ಲ.

ತೂಕದ ಕಟ್ಟಳೆಯಾದುದರಿಂದ ತಕ್ಕಡಿ ವಾಲಿದರೆ ಕಷ್ಟ. 1754ರಲ್ಲಿ ಗಾಹಾ ಎಂಬವನು ಬಶೊರುನನಾದನು. ಸೋರೆಬುರುಡೆಯ ಹಕ್ಕನ್ನು ತನ್ನ ಸ್ವಂತ ಆಯುಧವನ್ನಾಗಿ ಮಾಡಿಕೊಂಡು, ಒಬ್ಬರ ಹಿಂದೊಬ್ಬರಂತೆ ದೊರೆಗಳನ್ನು ಸಾವಿಗೆ ನೂಕಿದನು. ಪ್ರಾಂತಗಳ ಕಪ್ಪವನ್ನು ಅವನ ಮಕ್ಕಳೇ ವಸೂಲು ಮಾಡಿದರು. ಅಬಿಯೊದುನ್ ಎಂಬ ಅಲಾಫಿನನು 1774ರಲ್ಲಿ ಹೊರಪಟ್ಟಣಗಳ ದಂಡನ್ನು ಕರೆಸಿ ಅವನನ್ನು ಕೊನೆಗಾಣಿಸಿದನು. ಆದರೆ ಹಾಗೆ ಮಾಡುವಾಗ ರಾಜಧಾನಿಯ ಜಗಳಕ್ಕೆ ಪ್ರಾಂತದ ಸೇನಾಪತಿಗಳನ್ನು ತೀರ್ಪುಗಾರರನ್ನಾಗಿಯೂ ಮಾಡಿದನು. ಅವನ ನಂತರ ಬಂದ ಅವೊಲೆಯು ಇಫೆಯ ಸೀಮೆಗೆ ಸೇರಿದ ಅಪೊಮು ಎಂಬ ಪೇಟೆಯ ಮೇಲೆ ದಂಡೆತ್ತಲು ಆಜ್ಞಾಪಿಸಿದನು. ಮೂಲಸ್ಥಾನದ ಮೇಲೆ ಕೈಯೆತ್ತುವುದು ಪಟ್ಟದ ಪ್ರಮಾಣಕ್ಕೇ ವಿರೋಧ. ದಂಡು ತಿರುಗಿಬಿದ್ದು ಅವನಿಗೇ ಬರಿದಾದ ಬುರುಡೆಯನ್ನು ಕಳುಹಿಸಿತು. ಸಾಯುವ ಮುನ್ನ ಅವನು ದಿಕ್ಕುದಿಕ್ಕಿಗೆ ಬಾಣ ಬಿಟ್ಟು, ಒಂದು ಮಣ್ಣಿನ ಪಾತ್ರೆಯನ್ನು ನೆಲಕ್ಕಪ್ಪಳಿಸಿ, ಒಡೆದದ್ದು ಕೂಡದಂತೆ ನಿಮ್ಮ ರಾಜ್ಯವೂ ಕೂಡದಿರಲೆಂದು ಶಪಿಸಿದನೆಂದು ಐತಿಹ್ಯ. ಶಾಪದ ಮಾತು ಹೇಗಾದರೂ ಇರಲಿ, ಒಡೆದದ್ದು ನಿಜ. ಮಹಾನಾಯಕನಾಗಿದ್ದ ಅಫೊಂಜಾ ಇಲೋರಿನ್ ಪಟ್ಟಣದಲ್ಲಿ ಸ್ವತಂತ್ರನಾದನು. ಸಹಾಯಕ್ಕೆ ಕರೆದ ಮುಸಲ್ಮಾನ ಫುಲಾನಿಗಳ ಪಕ್ಷದಿಂದಲೇ ಹತನಾದನು. ಸುಮಾರು 1836ರ ಹೊತ್ತಿಗೆ ಹಳೆಯ ಓಯೊ ಪಾಳುಬಿದ್ದಿತು.

ಮುಂದೆ ಅರ್ಧ ಶತಮಾನ ಯುದ್ಧವೇ ಯುದ್ಧ. ದಕ್ಷಿಣದಲ್ಲಿ ಹೊಸ ಓಯೊವನ್ನು ಕಟ್ಟಿದ ಅಟಿಬಾ, ಹಿರಿಯ ಮಗನು ಸಾಯುವ ಪದ್ಧತಿಯನ್ನು ತೆಗೆದುಹಾಕಿದನು. ಮಾನವೀಯವಾದ ಈ ಸುಧಾರಣೆಯೇ ಇನ್ನೊಂದು ಯುದ್ಧಕ್ಕೆ ಕಾರಣವಾಯಿತು. ಇಜಾಯೆಯ ಕುರುನ್ಮಿ ಎಂಬ ವೀರನು, ಪದ್ಧತಿ ಮೀರಿ ಪಟ್ಟಕ್ಕೆ ಬಂದ ಮಗನನ್ನು ದೊರೆಯೆಂದು ಒಪ್ಪದೆ, 1860ರಲ್ಲಿ ಯುದ್ಧಕ್ಕಿಳಿದು, ಅದು ಮುಗಿಯುವ ಮೊದಲೇ ತೀರಿಕೊಂಡನು; 1862ರಲ್ಲಿ ಅವನ ಊರೂ ನಾಶವಾಯಿತು. ಈ ಕಥೆಗಳೆಲ್ಲ ನಮಗೆ ಉಳಿದುಬಂದದ್ದು ಬಹುಮಟ್ಟಿಗೆ ಸ್ಯಾಮ್ಯುಯಲ್ ಜಾನ್ಸನ್ ಎಂಬ ಯೊರೂಬಾ ಪಾದ್ರಿಯ ಪುಣ್ಯದಿಂದ. 1897ರಲ್ಲಿ ಅವರು ಮುಗಿಸಿದ ಚರಿತ್ರೆಯ ಹಸ್ತಪ್ರತಿಯು ಇಂಗ್ಲೆಂಡಿಗೆ ಹೋಗಿ ಕಳೆದುಹೋಯಿತು. ಅವರು 1901ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮನು ಉಳಿದ ಟಿಪ್ಪಣಿಗಳಿಂದ ಅದನ್ನು ಮತ್ತೆ ಬರೆದರು; ಕೊನೆಗೆ 1921ರಲ್ಲಿ ಅದು ಪ್ರಕಟವಾಯಿತು.

ಇಂಗ್ಲಿಷರು ಲಾಗೋಸನ್ನು 1861ರಲ್ಲಿ ಹಿಡಿದು, 1893ರ ವೇಳೆಗೆ ಒಳನಾಡಿನ ಮೇಲೂ ಅಧಿಕಾರ ಸ್ಥಾಪಿಸಿದರು. 1914ರಲ್ಲಿ ನೈಜೀರಿಯದ ಗವರ್ನರ್-ಜನರಲ್ ಆದ ಲುಗಾರ್ಡನು ಹುಟ್ಟಿದ್ದು 1858ರಲ್ಲಿ, ಮದರಾಸಿನಲ್ಲಿ. ದೊರೆಯನ್ನು ಪೀಠದಲ್ಲಿರಿಸಿ, ಪಕ್ಕದಲ್ಲಿ ರೆಸಿಡೆಂಟನನ್ನು ನಿಲ್ಲಿಸಿ ಆಳುವ ಕ್ರಮವೇ ಅವನದೂ. ಆ ಬಗೆಯ ವ್ಯವಸ್ಥೆಯ ಪರಿಚಯ ಮೈಸೂರಿನವರಿಗೆ ಹೊಸದಲ್ಲ. 1831ರಲ್ಲಿ ದೊರೆಯ ಕೈಯಿಂದ ಹೋದ ಆಡಳಿತ 1881ರಲ್ಲಿ ಮರಳಿ ಬರುವವರೆಗೆ ನಾವು ಕಾದಿದ್ದೆವು. ಯೊರೂಬಾ ನಾಡಿನಲ್ಲಿ ಸಂಪ್ರದಾಯವನ್ನು ಕಾಪಾಡುತ್ತೇವೆಂದು ಹೇಳಿದವರು ಅದರಲ್ಲಿ ಅರ್ಧವನ್ನು ಮಾತ್ರ ಕಾಪಾಡಿದರು. ಕಿರೀಟ ಉಳಿಯಿತು, ಬರಿದಾದ ಬುರುಡೆ ಹೋಯಿತು. ಬಲವಂತದ ಸಾವು ನಿಂತದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅದರ ಸ್ಥಾನದಲ್ಲಿ ಬೇರೊಂದು ಅಂಕುಶವನ್ನು ಪ್ರಜೆಗಳ ಕೈಗೆ ಕೊಡದೆ ರೆಸಿಡೆಂಟನ ಕೈಯಲ್ಲಿಟ್ಟದ್ದು ಮೋಸವೆಂದೇ ಹೇಳಬೇಕು. ಅಲಾಫಿನನ ಅಧಿಕಾರ ಅವನ ಪೂರ್ವಿಕರು ಕನಸಿನಲ್ಲಿಯೂ ಕಾಣದಷ್ಟು ಬೆಳೆಯಿತು. 1916ರಲ್ಲಿ ಇಸೆಯಿನ್, ಒಕೆಹೊ ಕಡೆಗಳಲ್ಲಿ ಜನರು ದಂಗೆಯೆದ್ದರು. ಅದನ್ನಡಗಿಸಲು ಸರ್ಕಾರದ ಸೈನ್ಯ ಬಂದಿತು.

1944ರ ಡಿಸೆಂಬರಿನಲ್ಲಿ ಅಲಾಫಿನ್ ಲಾದಿಗ್ಬೊಲು ತೀರಿಕೊಂಡನು. ದೊರೆಯ ಕುದುರೆಗಳ ಅಧಿಕಾರಿ ಒಡೆಯನನ್ನು ಹಿಂಬಾಲಿಸಿ ಸಾಯಬೇಕೆಂಬ ವಾಡಿಕೆಯಂತೆ ಅವನು ಸಿದ್ಧನಾದಾಗ, ಇಂಗ್ಲಿಷ್ ಅಧಿಕಾರಿ ಅವನನ್ನು ಹಿಡಿದು ತಡೆದನು. ತಂದೆಯ ಬದಲು ಮಗನು ಪ್ರಾಣ ಬಿಟ್ಟನು. ವೋಲೆ ಶೋಯಿಂಕಾ 1975ರಲ್ಲಿ ಪ್ರಕಟಿಸಿದ ಹೆಸರಾಂತ ನಾಟಕಕ್ಕೆ ಈ ಘಟನೆಯೇ ವಸ್ತು.

ಅಂಕುಶವನ್ನು ಮತ್ತೆ ಹಿಡಿದವರು ಹೆಂಗಸರು. ಅಬೆಯೊಕುಟಾ ಪಟ್ಟಣದ ದೊರೆಗೆ ಅಲಾಕೆ ಎಂದು ಬಿರುದು. ಹೆಂಗಸರ ಮೇಲೆ ಪ್ರತ್ಯೇಕವಾಗಿ ಹೊರಿಸಿದ್ದ ತೆರಿಗೆಯನ್ನು ವಿರೋಧಿಸಿ, 1947ರ ಕೊನೆಯಲ್ಲಿ ಸಂತೆಯ ವ್ಯಾಪಾರಗಾರ್ತಿಯರು ಸಾವಿರಾರು ಮಂದಿ ಫುನ್ಮಿಲಾಯೊ ರಾನ್ಸಮ್-ಕುಟಿ ಎಂಬ ಉಪಾಧ್ಯಾಯಿನಿಯ ಮುಂದಾಳುತನದಲ್ಲಿ ಅರಮನೆಯ ಮುಂದೆ ಕುಳಿತರು. ದೊರೆಯನ್ನು ಹಳಿಯುವ ಹಾಡುಗಳನ್ನು ಕಟ್ಟಿ ಹಾಡಿದರು. ಹಿರಿಯರ ಸಂಘವೂ ಕೊನೆಗೆ ದೊರೆಯ ಕೈಬಿಟ್ಟಿತು. 1949ರ ಜನವರಿಯಲ್ಲಿ ಅಲಾಕೆ ಪಟ್ಟವನ್ನು ತ್ಯಜಿಸಿದನು. 1950ರ ಕೊನೆಯಲ್ಲಿ ಅವನು ಹಿಂದಿರುಗಿದನೆಂಬುದೂ ನಿಜ. ಆದರೆ ಹೆಂಗಸರ ತೆರಿಗೆ ಅಷ್ಟರಲ್ಲಿ ನಿಂತಿತ್ತು.

ಸ್ವತಂತ್ರ ನೈಜೀರಿಯದಲ್ಲಿ ಓಬಾಗಳಿಗೆ ರಾಜ್ಯಾಧಿಕಾರವಿಲ್ಲ. ಗೌರವ ಮಾತ್ರ ಉಂಟು, ಅದೂ ಅಲ್ಪವಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಅಲಾಫಿನ್ ಮೂರನೆಯ ಅಡೆಯೆಮಿ ಕಾಲವಾದ ಮೇಲೆ ಪೀಠವು ಎರಡು ವರ್ಷಕ್ಕೂ ಮೀರಿ ಬರಿದಾಗಿತ್ತು. ಓಯೊ ಮೆಸಿಯವರು ಆರಿಸಿದವನನ್ನು ಸರ್ಕಾರ ಒಪ್ಪಲಿಲ್ಲ. ಸರ್ಕಾರ 2025ರಲ್ಲಿ ಅನುಮೋದಿಸಿದವನನ್ನು ಅವರಲ್ಲಿ ಹಲವರು ಒಪ್ಪಲಿಲ್ಲ. ಹೊಸ ಅಲಾಫಿನನಿಗೆ ಅಧಿಕಾರದ ದಂಡವನ್ನು ಕೊಟ್ಟವನು ಪ್ರಾಂತದ ಗವರ್ನರು.