ಅಂತರಜಾಲದ ಅಂಗಡಿಗೆ ಗಿರಾಕಿ ಬರುವುದು ಹೇಗೆ?

ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣವನ್ನು ನೀವು ನೋಡಿರಬಹುದು. ಸಾಲು ಸಾಲು ಸಗಟು ಮಳಿಗೆಗಳು, ಲಾರಿಗಳು, ಮೂಟೆ ಹೊತ್ತ ಹಮಾಲರು. ಹೊಸದಾಗಿ ಮಳಿಗೆ ತೆರೆದವರಿಗೂ ಅಲ್ಲಿ ಒಂದಿಷ್ಟು ವ್ಯಾಪಾರವಾಗುತ್ತದೆ. ಏಕೆಂದರೆ ಜನ ಓಡಾಡುವ ದಾರಿಯಲ್ಲೇ ಮಳಿಗೆಯಿದೆ. ಅಂತರಜಾಲದಲ್ಲಿ ಇಂಥ ಬೀದಿಯಿಲ್ಲ. ಜಾಲತಾಣ ತೆರೆದ ಮಾತ್ರಕ್ಕೆ ಯಾರೂ ಅದರ ಮುಂದೆ ಹಾದುಹೋಗುವುದಿಲ್ಲ.

ಯಲಹಂಕದ ವಿಜ್ಞಾನ ಪದವೀಧರೆಯೊಬ್ಬಳು ಶಾಲಾ ಪ್ರಯೋಗಗಳನ್ನು ಕುರಿತು ಕನ್ನಡದಲ್ಲಿ ಬರೆದು, ಮಸೂರ, ಕಾಂತ, ತಂತಿಗಳುಳ್ಳ ಪ್ರಯೋಗ ಪೆಟ್ಟಿಗೆಗಳನ್ನು ಅಂತರಜಾಲದಲ್ಲಿ ಮಾರಲು ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಇರುವ ಕೆಲಸ ಬಿಟ್ಟು ಇದಕ್ಕೇ ಇಳಿಯಬಹುದೇ ಎಂದು ತನ್ನ ಹಳೆಯ ಅಧ್ಯಾಪಕರನ್ನು ಕೇಳುತ್ತಾಳೆ. ಉತ್ತರಿಸುವ ಮುನ್ನ ಮೂರು ಸಂಗತಿಗಳನ್ನು ಪರಿಶೀಲಿಸೋಣ.

ಕಣ್ಣಿಗೆ ಬೀಳುವುದು

ಹೊಸ ಓದುಗರಲ್ಲಿ ಅನೇಕರು ಶೋಧ ಯಂತ್ರದ ಮೂಲಕ ಬರುತ್ತಾರೆ. ಶೋಧ ಯಂತ್ರವು ಪುಟಗಳನ್ನು ಮೊದಲೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಸಿದ್ಧಪಡಿಸಿಟ್ಟುಕೊಂಡಿರುತ್ತದೆ. ಯಾವುದನ್ನು ಮೇಲೆ ತೋರಿಸಬೇಕು? ಒಂದು ಪುಟದಿಂದ ಇನ್ನೊಂದಕ್ಕೆ ಕೊಟ್ಟ ಕೊಂಡಿಯನ್ನು ಮತವೆಂದು ಎಣಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಪ್ರಕಟಿಸಿದರು. ಹೆಚ್ಚು ಮತ ಪಡೆದ ಪುಟದ ಮತಕ್ಕೆ ಹೆಚ್ಚು ತೂಕ. ಇಂದು ಇನ್ನೂ ಅನೇಕ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ.

ಕನ್ನಡಕ್ಕೆ ಇಲ್ಲೊಂದು ವಿಶೇಷ ತೊಡಕಿದೆ. ಯೂನಿಕೋಡ್ ಸಂಕೇತದಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯಿದೆ. 'ಕ' ಅಕ್ಷರದ ಸಂಖ್ಯೆ ದಶಮಾನ ಪದ್ಧತಿಯಲ್ಲಿ 3221. ಆದರೆ ಹಳೆಯ ಬಗೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳಲ್ಲಿ ಕೂರಿಸಲಾಗಿತ್ತು. ಹಾಗೆ ಬರೆದದ್ದು ನಮ್ಮ ಕಣ್ಣಿಗೆ ಕನ್ನಡ, ಶೋಧ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಷ್ಟು ಒಳ್ಳೆಯ ಪಾಠವಾದರೂ ಹುಡುಕುವವರಿಗೆ ಸಿಗುವುದಿಲ್ಲ. ನಿಮ್ಮ ಬಳಿ ಹಳೆಯ ಟಿಪ್ಪಣಿಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಬಂದವರು ಉಳಿಯುವುದು

ತಿಂಗಳಿಗೆ 100 ಹೊಸ ಓದುಗರು ಬರುತ್ತಾರೆ, ಹಿಂದಿನ ತಿಂಗಳ ಓದುಗರಲ್ಲಿ ಶೇ. 80 ಮಂದಿ ಮರಳಿ ಬರುತ್ತಾರೆ ಎನ್ನೋಣ. ಮೊದಲ ತಿಂಗಳು 100, ಎರಡನೆಯದರಲ್ಲಿ 180, ಮೂರನೆಯದರಲ್ಲಿ 244. ಏರಿಕೆ ಕ್ರಮೇಣ ನಿಧಾನವಾಗಿ 500ರ ಬಳಿ ನಿಲ್ಲುತ್ತದೆ. ಏಕೆಂದರೆ 500ರಲ್ಲಿ ಶೇ. 20, ಅಂದರೆ 100 ಮಂದಿ ಬಿಟ್ಟುಹೋಗುತ್ತಾರೆ, ಬರುವವರೂ 100. ನಲ್ಲಿ ಬಿಟ್ಟಿರುವ ತೂತು ಕೊಡದಂತೆ: ನೀರು ಏರಿದಷ್ಟೂ ಸೋರಿಕೆಯೂ ಹೆಚ್ಚು.

ಈ ಮಿತಿಯನ್ನು 1000ಕ್ಕೆ ಏರಿಸಲು ಎರಡು ದಾರಿ. ಹೊಸಬರನ್ನು 200ಕ್ಕೆ ಹೆಚ್ಚಿಸುವುದು, ಇಲ್ಲವೇ ಮರಳುವವರನ್ನು ಶೇ. 90ಕ್ಕೆ ಏರಿಸುವುದು. ಮೊದಲನೆಯದಕ್ಕೆ ಜಾಹೀರಾತಿನ ಹಣ ಬೇಕಾದೀತು. ಎರಡನೆಯದಕ್ಕೆ ಉಪಯುಕ್ತ ಬರಹ, ನಿಯತ ಪ್ರಕಟಣೆ, ಕೇಳಿದ ಪ್ರಶ್ನೆಗೆ ಉತ್ತರ ಸಾಕು. ಹಣ ಕೊಟ್ಟು 'ಅನುಯಾಯಿ'ಗಳ ಸಂಖ್ಯೆ ಕೊಳ್ಳುವುದು ಏಕೆ ವ್ಯರ್ಥವೆಂಬುದೂ ಇದರಿಂದ ಸ್ಪಷ್ಟ: ಅವರಲ್ಲಿ ಮರಳಿ ಬಂದು ಓದುವವರು ಯಾರೂ ಇರುವುದಿಲ್ಲ.

ನಂಬಿ ಕೊಳ್ಳುವುದು

ಕೊಂಡಿ ಬೆಸೆದರಷ್ಟೇ ವ್ಯಾಪಾರ ಕುದುರುವುದೇ? ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಎ.ಪಿ.ಎಂ.ಸಿ. ಮಾರುಕಟ್ಟೆಗಳನ್ನು ಗಣಕಜಾಲದಿಂದ ಬೆಸೆಯುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಕರ್ನಾಟಕ 2014ರಲ್ಲಿ ಆರಂಭಿಸಿತು. ಬೇರೆ ಊರಿನ ವರ್ತಕರೂ ಕುಳಿತಲ್ಲಿಂದಲೇ ದರ ಕೂಗಬಹುದಾಯಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇದರಿಂದ ಭತ್ತದ ಬೆಲೆ ಸರಾಸರಿ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5ರಷ್ಟು ಹೆಚ್ಚಿತು. ಹತ್ತಿ, ಹೆಸರುಕಾಳು, ತೊಗರಿಗಳಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ದೂರದ ಕೊಳ್ಳುಗ ಮಾಲನ್ನು ಮುಟ್ಟಿ ನೋಡಲಾರ. ಗುಣಮಟ್ಟದ ಖಾತರಿ, ಸಾಗಣೆಯ ಏರ್ಪಾಡು ಇಲ್ಲದಿದ್ದರೆ ಆತ ಹಿಂಜರಿಯುವುದು ಸಹಜ. ಪ್ರಯೋಗ ಪೆಟ್ಟಿಗೆಗೂ ಈ ಮಾತು ಅನ್ವಯಿಸುತ್ತದೆ. ಒಳಗಿರುವ ವಸ್ತುಗಳ ಪಟ್ಟಿ, ಸ್ಪಷ್ಟ ಚಿತ್ರ, ಒಡೆದ ಮಸೂರವನ್ನು ಬದಲಿಸಿಕೊಡುವ ಭರವಸೆ ಇರಬೇಕು.

ಉತ್ತರವೇನು?

ಈಗ ಲೆಕ್ಕ ಮಾಡಿ. ಒಂದು ಪೆಟ್ಟಿಗೆಗೆ ಖರ್ಚು ಕಳೆದು 150 ರೂಪಾಯಿ ಉಳಿಯುತ್ತದೆ, ನೂರು ಓದುಗರಲ್ಲಿ ಇಬ್ಬರು ಕೊಳ್ಳುತ್ತಾರೆ ಎನ್ನೋಣ. 500 ಓದುಗರಿದ್ದರೆ ತಿಂಗಳ ಆದಾಯ 1,500 ರೂಪಾಯಿ. 15,000 ಬೇಕಾದರೆ 5,000 ಓದುಗರಿರಬೇಕು. ಅಷ್ಟು ಜನರನ್ನು ಉಳಿಸಿಕೊಳ್ಳಲು, ಶೇ. 80 ಮಂದಿ ಮರಳುವುದಾದರೆ, ಪ್ರತಿ ತಿಂಗಳೂ 1,000 ಹೊಸಬರು ಬೇಕು, ಶೇ. 90 ಮಂದಿ ಮರಳಿದರೆ 500 ಸಾಕು. ಒಮ್ಮೆ ಕೊಂಡವರು ಮರುತಿಂಗಳೇ ಮತ್ತೆ ಕೊಳ್ಳಲಾರರಾದ್ದರಿಂದ ಇದೂ ಉದಾರವಾದ ಅಂದಾಜೇ.

ಆದುದರಿಂದ ಆ ವಿದ್ಯಾರ್ಥಿನಿಗೆ ಹೇಳಬೇಕಾದ್ದು ಇಷ್ಟು: 'ಕೆಲಸ ಬಿಡಬೇಡಮ್ಮ, ಆದರೆ ಇಂದೇ ಆರಂಭಿಸು.' ಹೊಸಬರೆಷ್ಟು, ಮರಳಿದವರೆಷ್ಟು, ಕೊಂಡವರೆಷ್ಟು - ಈ ಮೂರು ಸಂಖ್ಯೆಗಳನ್ನು ಆರು ತಿಂಗಳು ಬರೆದಿಡಲಿ. ಬಳಿಕ ಕೆಲಸ ಬಿಡಬಹುದೇ ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ನಿಮ್ಮ ತರಗತಿಯಲ್ಲೂ ಈ ಲೆಕ್ಕವನ್ನು ಬೇರೆ ಬೇರೆ ಶೇಕಡಾವಾರು ಇಟ್ಟು ಮಾಡಿಸಿ ನೋಡಿ. ಗುಣೋತ್ತರ ಶ್ರೇಢಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ವಿರಳ.