ಸಾಕುನಾಯಿಗಳಿಗೆ ಸುರಕ್ಷಿತ ತಿನಿಸುಗಳ ಆಯ್ಕೆ

ಮನೆಮಂದಿ ಉಣ್ಣುವುದರಲ್ಲಿ ಒಂದು ತುತ್ತನ್ನು ನಾಯಿಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದಲೂ ಬಂದಿರುವ ರೂಢಿ. ಆದರೆ ಮನುಷ್ಯರಿಗೆ ಹಿತವಾದ ಕೆಲವು ಪದಾರ್ಥಗಳು ನಾಯಿಯ ದೇಹದಲ್ಲಿ ವಿಷವಾಗಿ ಪರಿಣಮಿಸುತ್ತವೆ. ಪಾಯಸದಲ್ಲಿನ ಒಣದ್ರಾಕ್ಷಿ, ಹುಟ್ಟುಹಬ್ಬದ ಚಾಕೊಲೇಟ್ ಕೇಕ್, ಬಿರಿಯಾನಿಯ ಮೂಳೆ ಇವೆಲ್ಲವೂ ಪ್ರೀತಿಯಿಂದ ಕೊಟ್ಟು ಪ್ರಾಣಾಪಾಯ ತಂದೊಡ್ಡುವ ತಿನಿಸುಗಳು. ಈ ಅಪಾಯವನ್ನು ಸುಲಭವಾಗಿ ತಪ್ಪಿಸಬಹುದಾದುದರಿಂದ ನಾಯಿ ಸಾಕುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ತಿನಿಸಿನ ಪ್ರಮಾಣ

ತಿನಿಸು ಆಹಾರಕ್ಕೆ ಬದಲಿಯಲ್ಲ. ದಿನಕ್ಕೆ ಅಗತ್ಯವಾದ ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ತಿನಿಸಿನಿಂದ ಬರಬಾರದು. ಸುಮಾರು 10 ಕಿ.ಗ್ರಾಂ. ತೂಕದ ವಯಸ್ಕ ನಾಯಿಗೆ ದಿನಕ್ಕೆ ಅಂದಾಜು 600 ಕಿಲೋ ಕ್ಯಾಲೊರಿ ಸಾಕಾಗುತ್ತದೆ. ಅಂದರೆ ತಿನಿಸಿನ ಪಾಲು 60 ಕಿಲೋ ಕ್ಯಾಲೊರಿ ಮಾತ್ರ. ಚಹದೊಂದಿಗೆ ತಿನ್ನುವ ಸಾಧಾರಣ ಬಿಸ್ಕತ್ತು ಎರಡು ಮೂರಾದರೆ ಈ ಪಾಲು ಮುಗಿಯುತ್ತದೆ. ಅದೇ ಶಕ್ತಿಗೆ 100 ಗ್ರಾಂಗಿಂತ ಹೆಚ್ಚು ಗಜ್ಜರಿಯನ್ನು ಕೊಡಬಹುದು.

ಪಕ್ಕೆಲುಬುಗಳು ಎದ್ದು ಕಾಣದೆ, ಕೈಯಾಡಿಸಿದಾಗ ಸುಲಭವಾಗಿ ತಿಳಿಯುವಂತಿದ್ದರೆ ನಾಯಿಯ ಮೈಕಟ್ಟು ಸರಿಯಾಗಿದೆ ಎಂದರ್ಥ. ಮುಧೋಳದಂತಹ ಬೇಟೆ ತಳಿಗಳಲ್ಲಿ ಕೆಲವು ಪಕ್ಕೆಲುಬುಗಳು ತುಸು ಕಾಣುವುದು ಸಹಜ. ಅದನ್ನು ಬಡಕಲೆಂದು ಭಾವಿಸಿ ತಿನಿಸನ್ನು ಹೆಚ್ಚಿಸಬಾರದು.

ಕೊಡಬಹುದಾದ ತಿನಿಸುಗಳು

• ಗಜ್ಜರಿ, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ, ಕುಂಬಳಕಾಯಿ ಮತ್ತು ಗೆಣಸು
• ಬೀಜ ತೆಗೆದ ಸೇಬು ಮತ್ತು ಕಲ್ಲಂಗಡಿ, ಬಾಳೆಹಣ್ಣಿನ ಒಂದೆರಡು ಹೋಳು
• ಬೇಯಿಸಿದ ಮೊಟ್ಟೆ. ಮೂಳೆ ಮತ್ತು ಚರ್ಮ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಮಾಂಸ
• ಉಪ್ಪಿಲ್ಲದ ರಾಗಿಮುದ್ದೆಯ ಸಣ್ಣ ಉಂಡೆ

ಇವುಗಳಿಗೆ ಉಪ್ಪು, ಖಾರ, ಒಗ್ಗರಣೆ, ಸಕ್ಕರೆ ಸೇರಿಸಬಾರದು. ಗಂಟಲಿಗೆ ಸಿಕ್ಕಿಕೊಳ್ಳದಂತೆ ನಾಯಿಯ ಗಾತ್ರಕ್ಕೆ ತಕ್ಕ ಹೋಳುಗಳನ್ನು ಮಾಡಬೇಕು. ಹೊಸ ಪದಾರ್ಥವನ್ನು ಮೊದಲು ಸ್ವಲ್ಪವೇ ಕೊಟ್ಟು ವಾಂತಿ, ಭೇದಿ ಅಥವಾ ತುರಿಕೆ ಉಂಟಾಗುವುದೇ ಎಂಬುದನ್ನು ಗಮನಿಸತಕ್ಕದ್ದು. ಅನೇಕ ವಯಸ್ಕ ನಾಯಿಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಕೊಡಬಾರದ ತಿನಿಸುಗಳು

1. ದ್ರಾಕ್ಷಿ ಮತ್ತು ಒಣದ್ರಾಕ್ಷಿ: ಇವು ಮೂತ್ರಪಿಂಡಗಳನ್ನು ವಿಫಲಗೊಳಿಸಬಲ್ಲವು. ಎಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವಿಲ್ಲ. ಇವುಗಳಲ್ಲಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯ ತಜ್ಞರು 2021ರಿಂದೀಚೆಗೆ ಅಭಿಪ್ರಾಯಪಟ್ಟಿದ್ದಾರೆ. ಈ ಆಮ್ಲವು ಹುಣಸೆಯಲ್ಲಿ ಹೇರಳವಾಗಿರುವುದರಿಂದ ಹುಣಸೆಹಣ್ಣು, ಚಿಗಳಿ ಮತ್ತು ಗೊಜ್ಜನ್ನೂ ದೂರವಿಡಬೇಕು.

2. ಚಾಕೊಲೇಟ್: ಇದರಲ್ಲಿನ ಥಿಯೋಬ್ರೋಮಿನ್ ಅಂಶವನ್ನು ನಾಯಿಯ ದೇಹವು ಬಹಳ ನಿಧಾನವಾಗಿ ಹೊರಹಾಕುತ್ತದೆ. ದೇಹತೂಕದ ಪ್ರತಿ ಕಿಲೋಗೆ ಸುಮಾರು 20 ಮಿ.ಗ್ರಾಂ. ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ. 60 ಮಿ.ಗ್ರಾಂ. ಸೇರಿದರೆ ಫಿಟ್ಸ್ ಬರಬಹುದು. ಕಪ್ಪು ಚಾಕೊಲೇಟ್ ಮತ್ತು ಕೋಕೋ ಪುಡಿ ಹೆಚ್ಚು ಅಪಾಯಕಾರಿ.

3. ಈರುಳ್ಳಿ ಮತ್ತು ಬೆಳ್ಳುಳ್ಳಿ: ಇವು ಕೆಂಪು ರಕ್ತಕಣಗಳನ್ನು ನಾಶಪಡಿಸಿ ರಕ್ತಹೀನತೆಯನ್ನುಂಟುಮಾಡುತ್ತವೆ. ಬೇಯಿಸಿದರೂ ಒಣಗಿಸಿದರೂ ವಿಷಗುಣ ಹೋಗುವುದಿಲ್ಲ. ಆದುದರಿಂದ ಸಾರು, ಹುಳಿ, ಪಲ್ಯ ಕಲಸಿದ ಅನ್ನ ತಕ್ಕುದಲ್ಲ.

4. ಜೈಲಿಟಾಲ್: ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿ ಹಾಗೂ ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಬಳಸುವ ಸಿಹಿಕಾರಕ. ಪೊಟ್ಟಣದ ಮೇಲೆ ಇ-967 ಎಂದೂ ನಮೂದಾಗಿರಬಹುದು. ಪ್ರತಿ ಕಿಲೋ ದೇಹತೂಕಕ್ಕೆ 0.1 ಗ್ರಾಂ ಸೇರಿದರೂ ರಕ್ತದ ಸಕ್ಕರೆ ಅಂಶವು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಪ್ರಮಾಣ ಹೆಚ್ಚಿದರೆ ಯಕೃತ್ತಿಗೂ ಹಾನಿಯಾಗುತ್ತದೆ.

5. ಬೇಯಿಸಿದ ಮೂಳೆ: ಚೂಪಾಗಿ ಸೀಳಿ ಗಂಟಲು ಮತ್ತು ಕರುಳನ್ನು ಗಾಯಗೊಳಿಸುತ್ತದೆ.

6. ತುಪ್ಪದ ಸಿಹಿತಿಂಡಿ ಮತ್ತು ಕರಿದ ತಿಂಡಿ: ಅತಿಯಾದ ಜಿಡ್ಡಿನಿಂದ ಮೇದೋಜೀರಕ ಗ್ರಂಥಿಯ ಉರಿಯೂತವುಂಟಾಗಬಹುದು.

ಅಂಗಡಿಯ ತಿನಿಸು ಕೊಳ್ಳುವಾಗ

ಒಳಗೊಂಡ ಪದಾರ್ಥಗಳು, ತಯಾರಾದ ಮತ್ತು ಬಳಕೆಯ ಕೊನೆಯ ದಿನಾಂಕ ಹಾಗೂ ಕ್ಯಾಲೊರಿಯ ವಿವರ ಇರುವ ಪೊಟ್ಟಣವನ್ನೇ ಆರಿಸಬೇಕು. ಬಿಡಿಯಾಗಿ ಮಾರುವ, ಬೂಷ್ಟು ಅಥವಾ ಕಮಟು ವಾಸನೆ ಇರುವ ತಿನಿಸು ಬೇಡ. ಹಸಿ ಮಾಂಸದ ಮತ್ತು ಒಣಮಾಂಸದ ತಿನಿಸುಗಳಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವ ಸಂಭವವಿದೆ. ಆದಕಾರಣ ಅವುಗಳನ್ನು ಮುಟ್ಟಿದ ನಂತರ, ಮುಖ್ಯವಾಗಿ ಮಕ್ಕಳು, ಸಾಬೂನಿನಿಂದ ಕೈ ತೊಳೆಯಬೇಕು. ಅಗಿಯುವ ತೊಗಲಿನ ತುಂಡನ್ನು ಕೊಟ್ಟಾಗ ನಾಯಿಯ ಮೇಲೆ ನಿಗಾ ಇರಲಿ.

ವಿಷಕಾರಿ ಪದಾರ್ಥ ತಿಂದಲ್ಲಿ

ನಾಯಿ ಲವಲವಿಕೆಯಿಂದಿದೆ ಎಂದು ಕಾಯುತ್ತಾ ಕೂರಬಾರದು. ದ್ರಾಕ್ಷಿ ತಿಂದ ನಾಯಿಯಲ್ಲಿ ಮೂತ್ರಪಿಂಡದ ತೊಂದರೆ ಒಂದರಿಂದ ಮೂರು ದಿನಗಳಲ್ಲಿ, ಈರುಳ್ಳಿ ತಿಂದ ನಾಯಿಯಲ್ಲಿ ರಕ್ತಹೀನತೆ ಕೆಲವು ದಿನಗಳ ನಂತರ ಕಾಣಿಸಿಕೊಳ್ಳುತ್ತದೆ. ವೈದ್ಯರು ವಾಂತಿ ಮಾಡಿಸಿ ವಿಷವನ್ನು ಹೊರತೆಗೆಯುವ ಕ್ರಮವಾದರೋ ತಿಂದ ಒಂದೆರಡು ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ.

ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಅದರಿಂದಲೇ ಪ್ರಾಣಾಪಾಯವುಂಟು. ತಿಂದ ಪದಾರ್ಥ, ಅಂದಾಜು ಪ್ರಮಾಣ ಮತ್ತು ಸಮಯವನ್ನು ಗುರುತಿಟ್ಟುಕೊಂಡು, ಪೊಟ್ಟಣವಿದ್ದಲ್ಲಿ ಅದನ್ನೂ ತೆಗೆದುಕೊಂಡು, ಕೂಡಲೇ ಸಮೀಪದ ಪಶುವೈದ್ಯ ಆಸ್ಪತ್ರೆಗೆ ನಾಯಿಯನ್ನು ಕರೆದೊಯ್ಯತಕ್ಕದ್ದು.

ಹಬ್ಬ ಹಾಗೂ ಸಮಾರಂಭಗಳಲ್ಲಿ ಈ ವಿಷಯವನ್ನು ಮಕ್ಕಳಿಗೂ ಅತಿಥಿಗಳಿಗೂ ಮುಂಚಿತವಾಗಿ ತಿಳಿಸಿ, ನಾಯಿಗೆಂದು ಪ್ರತ್ಯೇಕ ತಿನಿಸನ್ನು ತೆಗೆದಿರಿಸುವುದು ಉತ್ತಮ.