ಒಂದೇ ಹೆಸರಿನ ಎರಡು ಫೈಲು

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮೇಳ ಇಡಗುಂಜಿ ಮಹಾಗಣಪತಿಯ ಹೆಸರನ್ನೇ ಹೊತ್ತಿದೆ. ಆ ಸೀಮೆಯ ಹಳೆಯ ಆಟಗಳ ಧ್ವನಿಮುದ್ರಣ, ವಿಡಿಯೊಗಳನ್ನು ಒಂದೆಡೆ ಕೂಡಿಸಿ, ಹೊನ್ನಾವರ, ಕುಮಟಾ, ಭಟ್ಕಳದ ಆಸಕ್ತರು ಒಟ್ಟಿಗೆ ಕೇಳಿ ವಿವರ ಬರೆಯುವಂತೆ ಮಾಡಬೇಕೆಂದುಕೊಳ್ಳಿ. ಫೈಲುಗಳು ಒಂದೇ ಸರ್ವರ್‌ನಲ್ಲಿದ್ದು, ಪ್ರತಿ ಕಂಪ್ಯೂಟರಿಗೂ ಸ್ವಂತ ಡಿಸ್ಕಿನಂತೆ ಕಾಣಬೇಕು. ಇದಕ್ಕೆ ಲಿನಕ್ಸ್‌ನಲ್ಲಿ ಎರಡು ಹೆದ್ದಾರಿಗಳಿವೆ: ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್, ಮತ್ತು ವಿಂಡೋಸ್ ಯಂತ್ರಗಳೊಡನೆ ಅವುಗಳ ಭಾಷೆಯಲ್ಲೇ ಮಾತಾಡುವ ಸಾಂಬಾ.

ಇಂದು ಆ ಸರ್ವರ್ ಬಹುಮಟ್ಟಿಗೆ ವರ್ಚುವಲ್. ವಠಾರದಲ್ಲಿ ಹಲವು ಸಂಸಾರಗಳಿರುವಂತೆ ಒಂದು ಯಂತ್ರದೊಳಗೆ ಹಲವು ಸರ್ವರ್‌ಗಳು. ಇದಕ್ಕೆ ಬೇಕಾದ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಖರ್ಚು ಉಳಿಯುತ್ತದೆ, ಆದರೆ ಫೈಲು ದಾಟಬೇಕಾದ ಬಾಗಿಲುಗಳು ಹೆಚ್ಚುತ್ತವೆ.

‘ಫೈಲು ಬರುತ್ತಿಲ್ಲ’ ಎಂದ ಕೂಡಲೇ ರೀಸ್ಟಾರ್ಟ್ ಮಾಡುವವರೇ ಹೆಚ್ಚು. ಅದು ತಪ್ಪು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಸುಳಿವೂ ಅಳಿಸಿಹೋಗುತ್ತದೆ. ಸರ್ವರ್ ಏನೆಂದು ಉತ್ತರಿಸಿತು ಎಂಬುದನ್ನು ಮೊದಲು ನೋಡಬೇಕು. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಸೇವೆ ಮಾತ್ರ ಓಡುತ್ತಿಲ್ಲ. ಉತ್ತರವೇ ಬಾರದೆ ಸಮಯ ಮೀರಿದರೆ ಫೈರ್‌ವಾಲ್ ನುಂಗಿರಬಹುದು. ಎನ್‌ಎಫ್‌ಎಸ್‌ಗೆ 2049, ಸಾಂಬಾಕ್ಕೆ 445ನೇ ಪೋರ್ಟ್ ತೆರೆದಿರಬೇಕು. ವರ್ಚುವಲ್ ಸರ್ವರ್‌ನ ನೆಟ್‌ವರ್ಕ್ ‘ನ್ಯಾಟ್’ ಬಗೆಯದಾಗಿದ್ದರೂ ಹೊರಗಿನವರು ನೇರವಾಗಿ ಒಳಹೋಗಲಾರರು, ‘ಬ್ರಿಡ್ಜ್’ ಬೇಕು. ‘ಪರ್ಮಿಷನ್ ಡಿನೈಡ್’ ಬಂದರೆ ತಂತಿಯ ತಂಟೆ ಬೇಡ, ಬಳಕೆದಾರರ ಸಂಖ್ಯೆ ಮತ್ತು ಅನುಮತಿಗಳನ್ನು ನೋಡಿ.

ಇನ್ನೊಂದು ಲಕ್ಷಣ ಬಹಳ ಜನರನ್ನು ಕಾಡುತ್ತದೆ: ಫೋಲ್ಡರಿನ ಪಟ್ಟಿ ಸಲೀಸಾಗಿ ಕಾಣುತ್ತದೆ, ದೊಡ್ಡ ವಿಡಿಯೊ ಮಾತ್ರ ಅಲ್ಲೇ ನಿಲ್ಲುತ್ತದೆ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟು. ವಿಎಕ್ಸ್‌ಲ್ಯಾನ್ ಎಂಬ ವರ್ಚುವಲ್ ನೆಟ್‌ವರ್ಕ್ ತನ್ನ ಹೊದಿಕೆಗೇ 50 ಬೈಟು ತೆಗೆದುಕೊಳ್ಳುತ್ತದೆ. ಎರಡೂ ತುದಿಗೆ ಅದು ತಿಳಿಯದಿದ್ದರೆ ಸಣ್ಣ ಪ್ಯಾಕೆಟ್ ದಾಟುತ್ತದೆ, ತುಂಬಿದ್ದು ದಾರಿಯಲ್ಲೇ ಬಿದ್ದುಹೋಗುತ್ತದೆ. ತುಂಡಾಗಬಾರದೆಂಬ ಗುರುತಿನೊಡನೆ 1472 ಬೈಟಿನ ಪಿಂಗ್ ಕಳಿಸಿದರೆ ನಿಜ ಹೊರಬೀಳುತ್ತದೆ. 28 ಬೈಟಿನ ತಲೆಬರಹ ಸೇರಿ ಅದು ಸರಿಯಾಗಿ 1500.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಎನ್‌ಎಫ್‌ಎಸ್ ಬಳಸುವ ಪ್ರೋಗ್ರಾಂಗಳು ಮರಗಟ್ಟಿದಂತೆ ನಿಲ್ಲುತ್ತವೆ. ಬರೆಯುತ್ತಿದ್ದ ಫೈಲು ಅರ್ಧಕ್ಕೆ ಹಾಳಾಗದಿರಲೆಂದು ಅವು ಸರ್ವರ್‌ಗಾಗಿ ಕಾಯುತ್ತಿರುತ್ತವೆ. ಸರ್ವರ್ ಎದ್ದ ಮೇಲೂ ನಾಲ್ಕನೇ ಆವೃತ್ತಿಯಲ್ಲಿ, ಫೈಲುಗಳಿಗೆ ಹಾಕಿದ್ದ ಹಳೆಯ ಬೀಗಗಳನ್ನು ಅವರವರಿಗೆ ಮರಳಿಸಲು, ಸಾಮಾನ್ಯವಾಗಿ 90 ಸೆಕೆಂಡುಗಳ ಅವಧಿ ಇರುತ್ತದೆ. ತಾಳ್ಮೆಗೆಟ್ಟು ಆಗ ಮತ್ತೆ ರೀಸ್ಟಾರ್ಟ್ ಮಾಡಿದರೆ ಆ ಲೆಕ್ಕ ಮೊದಲಿಂದ ಶುರು.

ಕನ್ನಡದ ಸಂಗ್ರಹಕ್ಕೆ ಇರುವ ತೊಡಕು ಬೇರೆಯದು. ಲಿನಕ್ಸ್‌ನ ಎಕ್ಸ್ಟ್4 ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟು ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಒತ್ತಕ್ಷರ, ಗುಣಿತ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ‘ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ’ ಎಂದಷ್ಟಕ್ಕೇ 97 ಬೈಟು. ಪ್ರಸಂಗ, ಭಾಗವತರು, ಪಾತ್ರಧಾರಿಗಳ ಹೆಸರು ಸೇರಿಸಿದರೆ ವಿಂಡೋಸ್‌ನಲ್ಲಿ ನಿರಾತಂಕವಾಗಿ ಉಳಿದ ಫೈಲನ್ನು ಸಾಂಬಾ ಸರ್ವರ್ ಒಲ್ಲೆನೆನ್ನುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ದೀರ್ಘ ಈಕಾರ. ‘ಶ್ರೀ’ ಎಂಬುದನ್ನು 4 ಸಂಕೇತಗಳಲ್ಲಿ ಬರೆಯಬಹುದು. ಈಕಾರವನ್ನು ಇಕಾರ ಮತ್ತು ದೀರ್ಘವೆಂದು ಒಡೆದು 5ರಲ್ಲೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೀಗೆ ಒಡೆದೇ ಇಡುತ್ತಿತ್ತು. ಆ ಹೆಸರು ಹಾಗೆಯೇ ಲಿನಕ್ಸ್‌ಗೆ ನಕಲಾದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಫೈಲುಗಳು ಒಂದೇ ಫೋಲ್ಡರಿನಲ್ಲಿ ಕೂರುತ್ತವೆ, ಕೀಲಿಮಣೆಯಿಂದ ಹುಡುಕಿದರೆ ಒಂದು ಸಿಗುವುದೇ ಇಲ್ಲ. ‘ಕಾನ್ವ್‌ಎಂವಿ’ ಎಂಬ ಪುಟ್ಟ ಉಪಕರಣ ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಬೇರೆ ಆಜ್ಞೆ ಕೊಡುವವರೆಗೆ ಅದು ಯಾವ ಹೆಸರನ್ನೂ ಬದಲಿಸದು, ಏನು ಬದಲಾಗಲಿದೆ ಎಂದು ತೋರಿಸುತ್ತದೆಯಷ್ಟೆ. ಆ ಪಟ್ಟಿಯನ್ನು ಮೇಳದ ಆಟ ಬಲ್ಲ ಒಬ್ಬರು ಕೂತು ಓದಿದ ಮೇಲೆಯೇ ಮುಂದಿನ ಆಜ್ಞೆ ಕೊಡಬೇಕು.